ರೋಮ್ ಚಕ್ರವರ್ತಿಯ ಮುಖ, ಕನ್ನಡ ನೆಲದ ಗಡಿಗೆ

ರಾಯಚೂರು ಜಿಲ್ಲೆಯ ತುರ್ವಿಹಾಳದ ಸುತ್ತಿನ ಎರೆಭೂಮಿ ಇಂದು ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡು ಭತ್ತ ಬೆಳೆಯುತ್ತದೆ. ಎರಡು ಸಾವಿರ ವರ್ಷಗಳ ಹಿಂದೆ ಈ ಸೀಮೆಯ ದೊಡ್ಡ ಸಂಪತ್ತು ಚಿನ್ನ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯ ಹಳೆಯ ಗಣಿಗಳಲ್ಲಿ ಸಿಕ್ಕ ಕಟ್ಟಿಗೆಯ ಕಾಲವನ್ನು ವಿಜ್ಞಾನಿಗಳು ಅಷ್ಟು ಹಿಂದಕ್ಕೇ ಒಯ್ದಿದ್ದಾರೆ. 1915ರಲ್ಲಿ ಮಸ್ಕಿಯಲ್ಲಿ ಅಶೋಕನ ಹೆಸರು ಹೊತ್ತ ಬಂಡೆಯನ್ನು ಲೋಕಕ್ಕೆ ತೋರಿಸಿದ ಸಿ. ಬೀಡನ್ ಕೂಡ ಚಿನ್ನದ ಗಣಿಯ ಇಂಜಿನಿಯರ್.

ಹಟ್ಟಿಯಲ್ಲಿ ಬಂಡೆ ಸೀಳುತ್ತಿದ್ದ ಆ ಕಾಲದಲ್ಲೇ ದಕ್ಷಿಣದ ರೇವುಗಳಿಗೆ ರೋಮಿನ ಬೆಳ್ಳಿ, ಬಂಗಾರ ಬಂದಿಳಿಯುತ್ತಿತ್ತು. ಭಾರತವು ವರ್ಷಕ್ಕೆ ಐದು ಕೋಟಿ ಸೆಸ್ಟರ್ಸ್ ಎಳೆದುಕೊಳ್ಳುತ್ತಿದೆ ಎಂದು ರೋಮಿನ ಲೇಖಕ ಪ್ಲಿನಿ ಗೋಳಾಡಿದ. ನಾಲ್ಕು ಸೆಸ್ಟರ್ಸಿಗೆ ಒಂದು ಬೆಳ್ಳಿ ದಿನಾರಿಯಸ್. ಕರಿಮೆಣಸು, ನವಿರು ಬಟ್ಟೆ, ರತ್ನಗಳಿಗೆ ಕೊಟ್ಟ ಆ ಹಣದ ಒಂದು ಪಾಲು ನಮ್ಮ ಮಣ್ಣಿನಲ್ಲೇ ಉಳಿಯಿತು. 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ 163 ಬೆಳ್ಳಿ ನಾಣ್ಯಗಳು ಸಿಕ್ಕವು. 1965ರಲ್ಲಿ ಎಚ್‌ಎಎಲ್ ವಿಮಾನ ನಿಲ್ದಾಣದ ಬಳಿ 256. ಹಾವೇರಿ ಜಿಲ್ಲೆಯ ಅಕ್ಕಿ ಆಲೂರಿನ ಬಂಗಾರದ ನಿಧಿ ಇನ್ನೂ ಈಚಿನದು. ಅದರಲ್ಲಿ ಐದು, ಆರನೇ ಶತಮಾನದ ಬೈಜಾಂಟಿಯಂ ಅರಸರೂ ಇದ್ದಾರೆ.

ಈ ಬೆಳ್ಳಿಯಲ್ಲಿ ಒಂದನ್ನು ಅಂಗೈಯಲ್ಲಿಟ್ಟು ನೋಡೋಣ. ತೂಕ ನಾಲ್ಕು ಗ್ರಾಂಗೆ ತುಸು ಕಡಿಮೆ, ಅಗಲ ನಮ್ಮ ಒಂದು ರೂಪಾಯಿಗಿಂತ ಕಿರಿದು. ಮುಂಭಾಗದಲ್ಲಿ ಎಲೆಗಿರೀಟದ ತಲೆ ಬಲಕ್ಕೆ ತಿರುಗಿದೆ. ಅಂಚಿನ ಅಕ್ಷರಗಳಲ್ಲಿ ಟೈಬೀರಿಯಸ್‌ನ ಹೆಸರು, ಜೊತೆಗೆ ಅವನು ದೇವನಾದ ಆಗಸ್ಟಸ್‌ನ ಮಗ ಎಂಬ ಬಿರುದು. ಮಗುಚಿದರೆ ಪೀಠದ ಮೇಲೆ ಕುಳಿತ ಹೆಂಗಸು: ಒಂದು ಕೈಯಲ್ಲಿ ದಂಡ, ಇನ್ನೊಂದರಲ್ಲಿ ಕೊಂಬೆ. ಅವಳು ಚಕ್ರವರ್ತಿಯ ತಾಯಿ ಲಿವಿಯಾ ಎಂದು ಹಲವರ ಮತ. ಸುತ್ತಲೂ 'ಪಾಂಟಿಫ್ ಮ್ಯಾಕ್ಸಿಮ್', ಅಂದರೆ ಪ್ರಧಾನ ಪುರೋಹಿತ. ಭಾರತದಲ್ಲಿ ಸಿಗುವ ರೋಮನ್ ಬೆಳ್ಳಿಯಲ್ಲಿ ಈ ಅಚ್ಚು ಬಹಳ. ಅದಕ್ಕೆ ಜೋಡಿಯಾಗಿ ಬರುವುದು ಆಗಸ್ಟಸ್‌ನದು. ಅದರ ಹಿಂಬದಿಯಲ್ಲಿ ಅವನ ಮೊಮ್ಮಕ್ಕಳಾದ ಗೇಯಸ್, ಲೂಷಿಯಸ್ ನಿಂತಿದ್ದಾರೆ, ನಡುವೆ ಗುರಾಣಿ, ಈಟಿಗಳು. ಅಕ್ಷರ ಸವೆದುಹೋದರೂ ಎರಡು ನಿಂತ ಆಕೃತಿಗಳೋ ಒಂದು ಕುಳಿತ ಆಕೃತಿಯೋ ಎಂಬುದರಿಂದಲೇ ಅರಸನನ್ನು ಬಹುಮಟ್ಟಿಗೆ ಗುರುತಿಸಬಹುದು.

ಈ ಇಬ್ಬರದೇ ಏಕೆ ಇಷ್ಟು? ಕ್ರಿ.ಶ. 64ರ ಸುಮಾರಿಗೆ ನೀರೋ ದಿನಾರಿಯಸ್‌ನ ತೂಕವನ್ನೂ ಬೆಳ್ಳಿಯ ಶುದ್ಧತೆಯನ್ನೂ ಇಳಿಸಿದ. ಆಮೇಲಿನ ಬೆಳ್ಳಿ ಇಲ್ಲಿ ವಿರಳ. ನಮ್ಮ ವರ್ತಕರು ಮುಖ ನೋಡಿ ಮರುಳಾದವರಲ್ಲ, ಲೋಹವನ್ನು ಒರೆಗೆ ಹಚ್ಚಿ ತೆಗೆದುಕೊಂಡವರು ಎಂದು ನಾನು ಇದನ್ನು ಓದುತ್ತೇನೆ, ಹೆಮ್ಮೆಯಿಂದಲೇ. ದಕ್ಷಿಣದ ಅನೇಕ ಬಂಗಾರದ ನಾಣ್ಯಗಳಲ್ಲಿ ಅರಸನ ಮುಖದ ಮೇಲೆ ಉಳಿಯೇಟಿನ ಗೆರೆಯಿದೆ. ಇನ್ನು ಕೆಲವಕ್ಕೆ ತಲೆಯ ಮೇಲೆ ಎರಡು ತೂತು, ಕೊರಳಿಗೆ ಪೋಣಿಸಲು. ಇಂಥವನ್ನು ಕೆಟ್ಟ ನಾಣ್ಯವೆಂದು ಬದಿಗೆ ಸರಿಸುವ ಸಂಗ್ರಾಹಕರಿದ್ದಾರೆ. ಭಾರತದ ಕೈ ತಾಗಿದ ಗುರುತೇ ಅವು. ನನಗೆ ನುಣುಪಾದ ನಾಣ್ಯಕ್ಕಿಂತ ಅವೇ ಮಿಗಿಲು. ಅರ್ಥವಿಲ್ಲದ ಅಕ್ಷರ ಕೊರೆದು ಇಲ್ಲಿಯೇ ಮಾಡಿದ ಅನುಕರಣೆಗಳ ಮಾತೂ ಅಷ್ಟೇ. ಇಂದಿನ ನಕಲಿ ಬೇರೆ. ಅಸಲಿಯನ್ನು ಸುತ್ತಿಗೆಯಿಂದ ಅಚ್ಚೊತ್ತುತ್ತಿದ್ದರು. ಎರಕದ ನಕಲಿಯ ಅಂಚಿನಲ್ಲಿ ಬೆಸುಗೆಯ ಗೆರೆ, ಮೈಮೇಲೆ ಗುಳ್ಳೆಯ ಸಣ್ಣ ಕುಳಿಗಳು ಕಾಣಬಹುದು. ಸವಕಳಿ, ಬಿರುಕು ಸಮೇತ ಎರಡು ನಾಣ್ಯ ಒಂದೇ ತೆರನಾಗಿದ್ದರೆ ಅನುಮಾನ ಪಡಲೇಬೇಕು.

ಇಷ್ಟು ಕಲಿತರೂ ಸಿಕ್ಕ ಊರು ತಿಳಿಯದ ನಾಣ್ಯ ಅರ್ಧ ಮೂಕ. ಚಿತ್ರದುರ್ಗದ ಚಂದ್ರವಳ್ಳಿಯ ಅಗೆತದಲ್ಲಿ ಟೈಬೀರಿಯಸ್‌ನ ನಾಣ್ಯ ಶಾತವಾಹನ ಕಾಲದ ವಸ್ತುಗಳ ನಡುವೆ ಸಿಕ್ಕಿತು. ಅವನು ಪಟ್ಟಕ್ಕೆ ಬಂದದ್ದು ಕ್ರಿ.ಶ. 14ರಲ್ಲಿ, ನಾಣ್ಯ ಹೂತ ಪದರು ಅದಕ್ಕಿಂತ ಹಿಂದಿನದಾಗಿರಲು ಸಾಧ್ಯವಿಲ್ಲ. 1947ರಲ್ಲಿ ಚಂದ್ರವಳ್ಳಿ, ಬ್ರಹ್ಮಗಿರಿಗಳನ್ನು ಅಗೆದ ಮಾರ್ಟಿಮರ್ ವೀಲರ್ ಇಂಥ ರೋಮನ್ ಕುರುಹುಗಳನ್ನು ಹಿಡಿದೇ ಈ ನೆಲದ ಪದರುಗಳಿಗೆ ಕಾಲ ನಿಗದಿ ಮಾಡಿದರು. 1954ರಲ್ಲಿ ಬಿ.ಕೆ. ಥಾಪರ್ ಮಸ್ಕಿಯನ್ನು ಅಗೆದಾಗ ಬ್ರಹ್ಮಗಿರಿಯ ಆ ಲೆಕ್ಕ ಅವರ ಮುಂದಿತ್ತು. ಚಂದ್ರವಳ್ಳಿಯ ಆ ನಾಣ್ಯವನ್ನು ಯಾರೋ ಕದ್ದು ಪೇಟೆಯಲ್ಲಿ ಮಾರಿದ್ದರೆ ಉಳಿಯುತ್ತಿದ್ದದ್ದು ಬೆಳ್ಳಿಯ ಒಂದು ಚೂರು ಮಾತ್ರ.

ನಿಧಿಯಾಸೆಗೆ ರಾತ್ರೋರಾತ್ರಿ ಗುಡ್ಡ ಬಗೆಯುವವರ ಮೇಲೆ ಸಿಟ್ಟು ಬರುವುದು ಇದಕ್ಕೇ. ಸಂಗ್ರಹಿಸುವ ಹವ್ಯಾಸ ತಪ್ಪಲ್ಲ, ಸಿಕ್ಕ ಜಾಗವನ್ನು ಮುಚ್ಚಿಟ್ಟ ನಾಣ್ಯ ಕೊಳ್ಳುವುದು ತಪ್ಪು. ನೂರು ವರ್ಷ ಮೀರಿದ ನಾಣ್ಯ 1972ರ ಕಾಯ್ದೆಯಲ್ಲಿ ಪ್ರಾಚ್ಯವಸ್ತು. ಖಾಸಗಿಯವರು ಅದನ್ನು ದೇಶದಾಚೆ ಸಾಗಿಸುವಂತಿಲ್ಲ. ರಾಜ್ಯದಲ್ಲಿ ನಿಧಿಗೆಂದೇ 1962ರ ಕಾಯ್ದೆಯಿದೆ.

ಸಿಂಧನೂರು, ಮಸ್ಕಿ ಕಡೆ ಗದ್ದೆ ಮಟ್ಟ ಮಾಡುವಾಗ ಗಡಿಗೆಯೊಂದು ಮೇಲೆದ್ದರೆ ಅದನ್ನು ಅಲುಗಿಸದೆ, ಮೊಬೈಲಿನಲ್ಲಿ ಫೋಟೊ ತೆಗೆದು ತಹಶೀಲ್ದಾರರಿಗೋ ಜಿಲ್ಲಾಧಿಕಾರಿಗೋ ತಿಳಿಸಿ. ನಾಣ್ಯವನ್ನು ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿ. ಹೊಳಪಿನ ಜೊತೆ ಅಕ್ಷರವೂ ಹೋಗುತ್ತದೆ. ಗಡಿಗೆಯ ಚೂರುಗಳನ್ನೂ ಎಸೆಯಬೇಡಿ. ನಾಣ್ಯ ಯಾವಾಗ ಅಚ್ಚಾಯಿತು ಎಂಬುದನ್ನು ಅದರ ಮೇಲಿನ ಮುಖ ಹೇಳುತ್ತದೆ. ಯಾರ ಕಾಲದಲ್ಲಿ ಅದನ್ನು ಇಲ್ಲಿ ಹೂತರು ಎಂಬುದಕ್ಕೆ ಆ ಗಡಿಗೆಯನ್ನೇ ಕೇಳಬೇಕು.