ಅರಮನೆಯ ಕೊಲೆಗೆ ಪತ್ತೇದಾರ ಯಾರು?

ಮಾರೇನಹಳ್ಳಿಯ ಸುತ್ತ ಓಡಾಡುವವರಿಗೆ ವಿಜಯನಗರ, ಹಂಪಿನಗರ ಎಂಬ ಹೆಸರುಗಳು ಬಸ್ಸಿನ ಬೋರ್ಡಿನ ಮೇಲಿನ ಅಕ್ಷರಗಳಷ್ಟೇ. ಇಳಿಯುವ ಸ್ಟಾಪು ಬಂತೇ ಇಲ್ಲವೇ ಎಂದು ನೋಡುವುದಕ್ಕೆ ಮಾತ್ರ ಅವು ಬೇಕು. ಸಾಮ್ರಾಜ್ಯದ ನೆನಪು ತರಿಸಿದರೂ ಹೆಚ್ಚಿನವರ ಕಣ್ಣಿಗೆ ಕಟ್ಟುವುದು ಕಲ್ಲಿನ ರಥ ಮತ್ತು ಬೀದಿಯಲ್ಲಿ ಮುತ್ತುರತ್ನ ಅಳೆದು ಮಾರಿದ ಕಥೆ. ಅದೇ ಅರಮನೆಯ ಗೋಡೆಗಳ ಒಳಗೆ ನಡೆದ ಕೊಲೆಗಳ ಮಾತು ಶಾಲೆಯ ಪಾಠದಲ್ಲಿ ಬರುವುದಿಲ್ಲ. ಬಂದರೂ ಒಂದು ಸಾಲು.

ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ 1443ರಲ್ಲಿ ಇಮ್ಮಡಿ ದೇವರಾಯನ ರಾಜಧಾನಿಗೆ ಬಂದ. ಅವನು ಬರುವ ಕೆಲವೇ ತಿಂಗಳ ಹಿಂದೆ ಅಲ್ಲಿ ನಡೆದ ಘಟನೆಯನ್ನು ಅವನು ಬರೆದಿಟ್ಟಿದ್ದಾನೆ. ರಾಜನ ತಮ್ಮ ಹೊಸ ಮನೆ ಕಟ್ಟಿಸಿ ಗೃಹಪ್ರವೇಶಕ್ಕೆ ಊರಿನ ಗಣ್ಯರನ್ನೆಲ್ಲ ಕರೆದ. ಒಬ್ಬರ ಎದುರು ಒಬ್ಬರು ಉಣ್ಣುವ ಪದ್ಧತಿ ಅಲ್ಲಿರಲಿಲ್ಲವಾದ್ದರಿಂದ ಅತಿಥಿಗಳನ್ನು ಒಬ್ಬೊಬ್ಬರಾಗಿಯೇ ಊಟದ ಕೋಣೆಗೆ ಕರೆದೊಯ್ಯಲಾಯಿತು. ಪರದೆಯ ಹಿಂದೆ ಕಠಾರಿ ಹಿಡಿದವರು ನಿಂತಿದ್ದರು. ಹೊರಗೆ ಡೋಲು, ಕಹಳೆಗಳ ಅಬ್ಬರ. ಒಳಗಿನ ಕೂಗು ಯಾರಿಗೂ ಕೇಳಿಸಲಿಲ್ಲ. ಆಮೇಲೆ ತಮ್ಮ ನೇರವಾಗಿ ಅಣ್ಣನ ಬಳಿ ಹೋದ. ಮೈ ಸರಿಯಿಲ್ಲ, ಊಟಕ್ಕೆ ಬರಲಾರೆ ಎಂದ ರಾಜನನ್ನು ಅಲ್ಲೇ ಇರಿದ. ಸತ್ತನೆಂದು ತಿಳಿದು ಹೊರಗೆ ಬಂದು ತಾನೇ ಅರಸನೆಂದು ಸಾರುವಷ್ಟರಲ್ಲಿ, ಗಾಯಗೊಂಡ ದೇವರಾಯ ಎದ್ದು ಜನರಿಗೆ ಮುಖ ತೋರಿಸಿದ. ಜನ ತಮ್ಮನನ್ನು ಅಲ್ಲೇ ಮುಗಿಸಿದರು.

ಇದೇ ಬಗೆಯ ಘಟನೆಯನ್ನು ಸುಮಾರು 90 ವರ್ಷಗಳ ನಂತರ ಪೋರ್ಚುಗೀಸ್ ಕುದುರೆ ವ್ಯಾಪಾರಿ ನ್ಯೂನಿಜ್ ಬರೆಯುವಾಗ ಕೊಲೆಗಾರ ತಮ್ಮನಲ್ಲ, ಅಣ್ಣನ ಮಗ! ಸಾಕ್ಷಿಗಳು ಹೀಗೆ ಬೇರೆ ಬೇರೆ ಹೇಳಿದರೆ ಪತ್ತೇದಾರಿ ಕಾದಂಬರಿಕಾರನಿಗೆ ಅದಕ್ಕಿಂತ ಹಬ್ಬ ಬೇರೆ ಬೇಕೆ?

ಮಹಾಮಂತ್ರಿ ತಿಮ್ಮರಸನ ಪ್ರಕರಣ ಇನ್ನೂ ಜಟಿಲ. ಇದಕ್ಕೂ ಮುಖ್ಯ ಆಧಾರ ನ್ಯೂನಿಜನ ಬರಹವೇ. ಕೃಷ್ಣದೇವರಾಯ ತನ್ನ ಆರು ವರ್ಷದ ಮಗ ತಿರುಮಲನಿಗೆ ಪಟ್ಟ ಕಟ್ಟಿದ. 1524ರ ಶಾಸನಗಳಲ್ಲೂ ಈ ಬಾಲಕನ ಹೆಸರು ಕಾಣಿಸುತ್ತದೆ. ಉತ್ಸವಗಳ ನಡುವೆಯೇ ಹುಡುಗ ಕಾಯಿಲೆ ಬಿದ್ದು ಸತ್ತ. ವಿಷ ಹಾಕಿದವನು ತಿಮ್ಮರಸನ ಮಗ ಎಂಬ ಮಾತು ರಾಜನ ಕಿವಿಗೆ ಬಿತ್ತು. ಮಂತ್ರಿಯನ್ನು ಸೆರೆಗೆ ಹಾಕಿ ಕೊನೆಗೆ ಕಣ್ಣು ಕೀಳಿಸಲಾಯಿತು. ಇದೇ ನ್ಯೂನಿಜ್ ಇನ್ನೊಂದು ಸಂಗತಿಯನ್ನೂ ಹೇಳುತ್ತಾನೆ. ಹಿಂದಿನ ಅರಸ ಸಾಯುವ ಹೊತ್ತಿನಲ್ಲಿ ಕೃಷ್ಣದೇವರಾಯನ ಕಣ್ಣು ಕಿತ್ತು ತಾ ಎಂದು ಆಜ್ಞಾಪಿಸಿದಾಗ, ಆಡಿನ ಕಣ್ಣುಗಳನ್ನು ತಂದು ತೋರಿಸಿ ಅವನನ್ನು ಉಳಿಸಿದವನು ಇದೇ ತಿಮ್ಮರಸ. ಕಣ್ಣು ಉಳಿಸಿದವನ ಕಣ್ಣೇ ಹೋಯಿತು.

ವಿಷ ಹಾಕಿದ್ದು ನಿಜವೇ? ಮಗು ಸಹಜ ಕಾಯಿಲೆಯಿಂದ ಸತ್ತಿರಬಾರದೇಕೆ? ಚಾಡಿ ಹೇಳಿದವರಿಗೆ ಏನು ಲಾಭವಿತ್ತು? ಈ ಪ್ರಶ್ನೆಗಳನ್ನು ಅಂದು ಕೇಳುವವರಿರಲಿಲ್ಲ. ನ್ಯೂನಿಜ್ ಬರೆದದ್ದೂ ಕೃಷ್ಣದೇವರಾಯ ತೀರಿಕೊಂಡ ಕೆಲವು ವರ್ಷಗಳ ಮೇಲೆ, ಕೇಳಿದ ಮಾತುಗಳ ಮೇಲೆ. ರಾಬರ್ಟ್ ಸಿವೆಲ್ 1900ರಲ್ಲಿ ಈ ಬರಹವನ್ನು ಇಂಗ್ಲಿಷಿನಲ್ಲಿ ಹೊರತಂದ ಮೇಲೆ ತಿಮ್ಮರಸನ ದುರಂತ ನಾಟಕಕ್ಕೂ ಸಿನಿಮಾಕ್ಕೂ ವಸ್ತುವಾಯಿತು. 1970ರ ‘ಶ್ರೀಕೃಷ್ಣದೇವರಾಯ’ ಚಿತ್ರದಲ್ಲಿ ರಾಜಕುಮಾರ್ ರಾಯರಾದರೆ, ನಿರ್ದೇಶಕ ಬಿ.ಆರ್. ಪಂತುಲು ಅವರೇ ತಿಮ್ಮರಸರಾಗಿದ್ದರು.

ಇಷ್ಟು ಸರಕು ಇದ್ದೂ ಇಂಗ್ಲಿಷಿನವರಂತೆ ರಾಜಾಸ್ಥಾನದಲ್ಲಿ ನಡೆಯುವ ಪತ್ತೇದಾರಿ ಕಾದಂಬರಿಗಳ ಸಾಲು ಕನ್ನಡದಲ್ಲಿ ಬೆಳೆಯಲಿಲ್ಲ. ಅಗಾಥಾ ಕ್ರಿಸ್ಟಿ 1944ರಲ್ಲೇ ಪ್ರಾಚೀನ ಈಜಿಪ್ಟಿನ ಮನೆಯೊಂದರ ಕೊಲೆಗಳ ಬಗ್ಗೆ ಕಾದಂಬರಿ ಬರೆದರು. ಡಚ್ ರಾಯಭಾರಿ ವಾನ್ ಗುಲಿಕ್ ಚೀನಾದ ನ್ಯಾಯಾಧೀಶ ಡೀಯನ್ನು ಪತ್ತೇದಾರನನ್ನಾಗಿ ಮಾಡಿದರು. ನಮ್ಮಲ್ಲಿ ಎನ್. ನರಸಿಂಹಯ್ಯನವರ ಪುರುಷೋತ್ತಮ ಊರು ಸುತ್ತಿ ಕಳ್ಳರನ್ನು ಹಿಡಿದನೇ ಹೊರತು ಅರಮನೆಯ ಹೊಸ್ತಿಲು ದಾಟಿದವನಲ್ಲ. ಕಾರಣ ಊಹಿಸುವುದು ಕಷ್ಟವಲ್ಲ. ಪತ್ತೇದಾರನಿಗೆ ತನಗಿಂತ ಮೇಲೊಂದು ಕಾನೂನು ಬೇಕು. ಅರಮನೆಯಲ್ಲಿ ದೂರು ಕೇಳುವವನೂ ತೀರ್ಪು ಕೊಡುವವನೂ ಒಬ್ಬನೇ. ಎಷ್ಟೋ ಸಲ ಸಾವಿನಿಂದ ಲಾಭ ಪಡೆದವನೂ ಅವನೇ.

ಹಾಗೆಂದು ಕನ್ನಡ ಈ ದಾರಿಗೆ ತೀರ ಹೊಸದೂ ಅಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1823ರಲ್ಲಿ, ಕೆಂಪುನಾರಾಯಣ ಬರೆದ ‘ಮುದ್ರಾಮಂಜೂಷ’ ಸಂಸ್ಕೃತದ ‘ಮುದ್ರಾರಾಕ್ಷಸ’ದ ಕಥೆಯನ್ನು ಕನ್ನಡ ಗದ್ಯಕ್ಕೆ ತಂದಿತು. ಗೂಢಚಾರರು, ವಿಷಕನ್ಯೆ, ಶತ್ರುವಿನ ಮುದ್ರೆಯುಂಗುರ ಒತ್ತಿದ ಕಪಟ ಪತ್ರ, ಎಲ್ಲವೂ ಅಲ್ಲಿವೆ. ಆದರೆ ಇಲ್ಲಿ ಪತ್ತೇದಾರಿಕೆಯ ಬುದ್ಧಿ ಇರುವುದು ಸಂಚು ಹೂಡುವ ಚಾಣಕ್ಯನಿಗೇ. ಇಪ್ಪತ್ತನೆಯ ಶತಮಾನದಲ್ಲಿ ತ.ರಾ.ಸು. ಅವರ ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ ಕಾದಂಬರಿಗಳು ಚಿತ್ರದುರ್ಗದ ಪಾಳೆಯಗಾರರ ಮನೆಯೊಳಗಿನ ಪಿತೂರಿಗಳನ್ನೂ ದಳವಾಯಿ ಮುದ್ದಣ್ಣನ ಆಟಗಳನ್ನೂ ರಾತ್ರಿ ನಿದ್ದೆಗೆಡಿಸುವಂತೆ ಹೇಳಿದವು. ಮಾಸ್ತಿಯವರ ‘ಚಿಕವೀರ ರಾಜೇಂದ್ರ’ (1956) ಕೊಡಗಿನ ಕೊನೆಯ ಅರಸನ ಆಸ್ಥಾನದ ಗುಟ್ಟುಗಳನ್ನು ನಿಧಾನವಾಗಿ ಬಿಚ್ಚುತ್ತದೆ. ಅವಸರದ ಓದುಗನಿಗೆ ಆ ನಿಧಾನ ಹಿಡಿಸದಿರಬಹುದು.

ಮೈಸೂರಿನ ಅರಮನೆಯ ಒಂದು ಕೊಲೆಯನ್ನು ಮಾತ್ರ ಕನ್ನಡ ಸಾಹಿತ್ಯ ಪಟ್ಟು ಹಿಡಿದು ಕೆದಕಿದೆ. ರಾಜ ಒಡೆಯರ ಮಗ ಇಮ್ಮಡಿ ರಾಜ ಒಡೆಯರು 1637ರಲ್ಲಿ ಪಟ್ಟಕ್ಕೆ ಬಂದರು. ಮರುವರ್ಷವೇ ತೀರಿಕೊಂಡರು. ದಳವಾಯಿ ವಿಕ್ರಮರಾಯ ವಿಷ ಹಾಕಿಸಿದ ಎಂಬುದು ಇತಿಹಾಸದಲ್ಲಿ ಉಳಿದ ಮಾತು. ಅನಂತರ ಸಿಂಹಾಸನ ಏರಿದವರು ರಣಧೀರ ಕಂಠೀರವ ನರಸರಾಜ ಒಡೆಯರು. ವಿಕ್ರಮರಾಯನೂ ಹೆಚ್ಚು ದಿನ ಉಳಿಯಲಿಲ್ಲ.

ಅವನ ಕೊನೆಯನ್ನು ಕರ್ನಲ್ ವಿಲ್ಕ್ಸ್ 1810ರಲ್ಲಿ ಬರೆದಿದ್ದಾನೆ. ಇಬ್ಬರು ಆಳುಗಳು ರಾತ್ರಿ ಗೋಡೆ ಹತ್ತಿ ಅಂಗಳದಲ್ಲಿ ಹೊಂಚು ಕುಳಿತರು. ಪಂಜು ಹಿಡಿದವನು ಮೊದಲು ಬಿದ್ದ, ಪಂಜು ಆರಿತು. ಕತ್ತಲಲ್ಲಿ ಒಬ್ಬನನ್ನು ವಿಕ್ರಮರಾಯ ಕೆಡವಿ ಕುತ್ತಿಗೆ ಹಿಡಿದ. ಯಾರಿಗೆ ಹೊಡೆಯಬೇಕೆಂದು ತಿಳಿಯದ ಇನ್ನೊಬ್ಬ, ನೀನು ಮೇಲೋ ಕೆಳಗೋ ಎಂದು ಗೆಳೆಯನನ್ನು ಕೇಳಿದನಂತೆ. ಕೆಳಗೆ ಎಂಬ ಉತ್ತರ ಬಂತು. ಮೇಲಿದ್ದವನಿಗೆ ಏಟು ಬಿತ್ತು. ಘಟನೆ ನಡೆದು 170 ವರ್ಷಗಳ ಮೇಲೆ ಬರೆದ ಈ ಸಂಭಾಷಣೆಯನ್ನು ಯಾರು ಕೇಳಿಸಿಕೊಂಡರು ಎಂದು ಅನುಮಾನಿಸಬಹುದು. ಆದರೂ ಇದಕ್ಕಿಂತ ಒಳ್ಳೆಯ ದೃಶ್ಯವನ್ನು ಯಾವ ಕಾದಂಬರಿಕಾರ ಕಟ್ಟಿಯಾನು? ವಿಷ ಹಾಕಿದ್ದು ನಿಜವಾಗಿಯೂ ಯಾರು ಎಂಬ ವಿಚಾರಣೆಯೂ ಆ ಏಟಿನೊಂದಿಗೇ ಮುಗಿಯಿತು. ಕಂಠೀರವರ ಆಸ್ಥಾನದಲ್ಲಿ ಗೋವಿಂದ ವೈದ್ಯ ಬರೆದ ‘ಕಂಠೀರವ ನರಸರಾಜ ವಿಜಯ’ ಅರಸನನ್ನು ಹೊಗಳುವ ಕಾವ್ಯ. ಆಶ್ರಯದಾತನ ಮೇಲೆ ಅದರಲ್ಲಿ ಪ್ರಶ್ನೆ ಹುಡುಕಿ ಫಲವಿಲ್ಲ.

ಈ ಕಥೆಯನ್ನು ರಂಗಕ್ಕೆ ತಂದವರು ‘ಸಂಸ’ ಎಂಬ ಹೆಸರಿನಲ್ಲಿ ಬರೆದ ಸ್ವಾಮಿ ವೆಂಕಟಾದ್ರಿ ಅಯ್ಯರ್. ಯಳಂದೂರಿನ ಬಳಿಯ ಅಗರದಲ್ಲಿ 1898ರಲ್ಲಿ ಹುಟ್ಟಿದ ಅವರು ಮೈಸೂರು ಒಡೆಯರ ಚರಿತ್ರೆಯನ್ನೇ ವಸ್ತುವಾಗಿಟ್ಟುಕೊಂಡು ಸರಮಾಲೆಯಂತೆ ನಾಟಕ ಬರೆದರು. ‘ವಿಗಡ ವಿಕ್ರಮರಾಯ’ ಅವುಗಳಲ್ಲಿ ಹೆಸರಾದದ್ದು. ಹಳೆಯ ಕಾಲದ ನುಡಿಗಟ್ಟಿನಲ್ಲಿ ಮಾತಾಡುವ ಅದರ ಪಾತ್ರಗಳ ಭಾಷೆ ಇಂದಿನ ಓದುಗನಿಗೆ ಮೊದಲ ಹತ್ತು ಪುಟ ಕಠಿಣ. ಆಮೇಲೆ ಅದೇ ಅರಮನೆಯ ಗಾಳಿಯಾಗುತ್ತದೆ. ಅಪರಾಧಿ ಯಾರೆಂಬುದು ಹೆಸರಿನಲ್ಲೇ ಗೊತ್ತು. ಅಧಿಕಾರಕ್ಕೆ ಹಸಿದವನ ಮನಸ್ಸು ಹೇಗೆ ಕೆಲಸ ಮಾಡುತ್ತದೆ, ಸುತ್ತಲಿನವರು ಏಕೆ ಬಾಯಿ ಮುಚ್ಚಿಕೊಂಡಿರುತ್ತಾರೆ ಎಂಬುದರಲ್ಲಿ ನಾಟಕಕಾರರ ಆಸಕ್ತಿ.

ಸಂಸರ ಬದುಕೂ ಸುಖದ್ದಾಗಿರಲಿಲ್ಲ. ಪೊಲೀಸರು, ಗೂಢಚಾರರು ತಮ್ಮ ಬೆನ್ನು ಹತ್ತಿದ್ದಾರೆಂಬ ಭೀತಿ ಅವರನ್ನು ಬಿಡದೆ ಕಾಡಿತು. ಒಂದೂರಿನಲ್ಲಿ ನೆಲೆ ನಿಲ್ಲದೆ ಅಲೆದರು. 1939ರಲ್ಲಿ ಮೈಸೂರಿನಲ್ಲಿ ತಾವೇ ಪ್ರಾಣ ಕಳೆದುಕೊಂಡರು. ಆಗ ವಯಸ್ಸು ಇನ್ನೂ 41 ಆಗಿತ್ತಷ್ಟೆ. ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಹಿಂಬದಿಯ ಬಯಲು ರಂಗಮಂದಿರಕ್ಕೆ ಅವರ ಹೆಸರಿದೆ. ಅವರು ಬರೆದ ನಾಟಕಗಳಲ್ಲಿ ಇಂದು ಓದಲು ಸಿಗುವುದು ಆರು ಮಾತ್ರ.