ಹಾಲಿನ ಹಣ ಯಾರ ಹೆಸರಿಗೆ?



ವಿಶ್ವಸಂಸ್ಥೆಯು 2015ರಲ್ಲಿ ಒಪ್ಪಿದ 17 ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ ಐದನೆಯದು ಹೆಣ್ಣು-ಗಂಡಿನ ಸಮಾನತೆ. ಅದಕ್ಕೂ ಜೇವರ್ಗಿ ತಾಲ್ಲೂಕಿನ ಕೊಳಕೂರದ ದನದ ಕೊಟ್ಟಿಗೆಗೂ ಏನು ಸಂಬಂಧವೆಂದು ತಾವು ಕೇಳಬಹುದು.

ಗುರಿಯ ಕಾಗದ ಬರುವ ಮೊದಲೇ ಕೆಲಸ ಮಾಡಿದವರು ನಮ್ಮ ರಾಜ್ಯದಲ್ಲಿದ್ದಾರೆ. 1968ರಲ್ಲಿ ಟಿಬೆಟಿಯನ್ನರ ಪುನರ್ವಸತಿಗೆಂದು ಹುಟ್ಟಿದ ಮೈರಾಡ ಸಂಸ್ಥೆ ನಮ್ಮ ಜಿಲ್ಲೆಯ ಕಮಲಾಪುರ ಭಾಗದಲ್ಲೂ ದುಡಿದಿದೆ. ಅದರ ನೆರವಿನಿಂದ ಕಟ್ಟಿದ ದೊಡ್ಡ ಸಹಕಾರ ಸಂಘಗಳು 1984-85ರ ಸುಮಾರಿಗೆ ಒಡೆದವು. ಮುಖಂಡರ ಮೇಲೆ ಸದಸ್ಯರಿಗೆ ನಂಬಿಕೆ ಉಳಿದಿರಲಿಲ್ಲ. (ಸಹಕಾರಿಗಳಾದ ನಮಗಿದು ಕಹಿ ಮಾತು, ಆದರೂ ಕೇಳಬೇಕು.) ಆಗ ಒಬ್ಬರನ್ನೊಬ್ಬರು ಬಲ್ಲವರೇ ಸಣ್ಣ ಗುಂಪುಗಳಾಗಿ ಕೂಡಿ, ಉಳಿತಾಯ ಮಾಡಿ, ತಮ್ಮೊಳಗೇ ಸಾಲ ಕೊಡತೊಡಗಿದರು. 1987ರಲ್ಲಿ ನಬಾರ್ಡ್ 10 ಲಕ್ಷ ರೂಪಾಯಿ ನೆರವಿತ್ತಿತು. 1992ರಲ್ಲಿ ದೇಶದಲ್ಲಿ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಆರಂಭಿಸಿತು. ಇಂದು ಇಂಥ ಗುಂಪುಗಳಲ್ಲಿ ಹೆಚ್ಚಿನವು ಮಹಿಳೆಯರವೇ.

ಈಗ ನಮ್ಮ ಮನೆಗೆ ಬನ್ನಿ. ಎಮ್ಮೆಗೆ ಮೇವು ಹಾಕುವವರು, ಸಗಣಿ ಬಾಚುವವರು, ಹಾಲು ಹಿಂಡುವವರು ಹೆಚ್ಚಾಗಿ ಹೆಣ್ಣುಮಕ್ಕಳು. ಷೇರು ಮಾತ್ರ ಯಜಮಾನರ ಹೆಸರಲ್ಲಿ! ಸದಸ್ಯತ್ವವಿಲ್ಲದವರಿಗೆ ಮಹಾಸಭೆಯಲ್ಲಿ ಮತವಿಲ್ಲ. ಹಾಲು ಹಾಕುವ ತಾಯಂದಿರೇ ಅರ್ಜಿ ಬರೆದು, ಷೇರು ಹಣ ಕಟ್ಟಿ, ತಮ್ಮದೇ ಬ್ಯಾಂಕ್ ಖಾತೆಯ ವಿವರವನ್ನು ಕಾರ್ಯದರ್ಶಿಯವರಿಗೆ ಕೊಡಲಿ. ಯಜಮಾನರು ಅಡ್ಡ ಬರದಿರಲಿ.