ಕಾಣದ ಕಾರಿಗೆ ಕೂಗುವ ಬೆಲೆ

ಗಾವಡಗೆರೆಯ ಸುತ್ತಲಿನ ಕೃಷಿಕನಿಗೆ ಹರಾಜೆಂಬುದು ಅಪರಿಚಿತವಾದ ವ್ಯವಹಾರವಲ್ಲ. ಹುಣಸೂರು, ಪಿರಿಯಾಪಟ್ಟಣ ಸೀಮೆಯ ತಂಬಾಕು ಮಂಡಳಿಯ ಹರಾಜು ಕೇಂದ್ರಗಳಲ್ಲಿ ಬೆಲೆಯ ಕೂಗು ಇಂದು ಯಂತ್ರದ ಮೂಲಕ ನಡೆಯುತ್ತಿದ್ದರೂ ಬೇಲು ಮಾತ್ರ ಕಣ್ಣೆದುರಿಗೇ ಇರುತ್ತದೆ. ಕೊಳ್ಳುವವನು ಎಲೆಯನ್ನು ಹೊರಗೆಳೆದು ಬಣ್ಣವನ್ನೂ ಹದವನ್ನೂ ಪರೀಕ್ಷಿಸಿದ ಮೇಲೆಯೇ ಬೆಲೆ ಹೇಳುತ್ತಾನೆ. ಇದನ್ನು ವರ್ಷವರ್ಷವೂ ಕಂಡವರು ಕೂಡ ಸೆಕೆಂಡ್ ಹ್ಯಾಂಡ್ ಕಾರನ್ನು ಮೊಬೈಲಿನ ಹರಾಜಿನಲ್ಲಿ ಕೊಳ್ಳಹೊರಟಾಗ, ಕಾಣದ ವಸ್ತುವಿಗೆ ಹಣ ಸಲ್ಲಿಸಿ ವಂಚಿತರಾಗುವುದು ಶೋಚನೀಯವಾದ ಸಂಗತಿ.

ಬೆಲೆ ಕೂಗುವವರು ಹೆಚ್ಚಿದಷ್ಟೂ ಕಾರು ಉತ್ತಮವೆಂಬುದು ಇವರಲ್ಲಿ ಬೇರೂರಿದ ಮೊದಲನೆಯ ಕಲ್ಪನೆ. ಪರದೆಯ ಮೇಲೆ ಒಂದರ ಮೇಲೊಂದು ಏರುವ ಕೂಗುಗಳಲ್ಲಿ ಕೆಲವು ಮಾರುವವನ ಕಡೆಯವರವೇ ಆಗಿರಬಹುದು. ನಿನ್ನೆ ಮೊನ್ನೆ ತೆರೆದ ಖಾತೆಯೊಂದು ನಿಮ್ಮ ಬೆಲೆಯನ್ನು ಮತ್ತೆ ಮತ್ತೆ ಮೇಲಕ್ಕೆ ತಳ್ಳಿ ಕೊನೆಯ ಗಳಿಗೆಯಲ್ಲಿ ಹಿಂದೆ ಸರಿಯುವುದು, ಮಾರಾಟವಾಯಿತೆಂದ ಕಾರು ಕೆಲವು ದಿನಗಳಲ್ಲಿಯೇ ಮರಳಿ ಹರಾಜಿಗೆ ಬರುವುದು, "ಗೆದ್ದವರು ಹಿಂದೆ ಸರಿದ್ರು ಸಾರ್, ನೀವು ಕೂಗಿದ ರೇಟಿಗೇ ಕೊಡ್ತೀನಿ, ದುಡ್ಡು ನೇರ ನನ್ನ ಅಕೌಂಟಿಗೇ ಹಾಕಿ" ಎಂಬ ಕರೆ ಬರುವುದು, ಇವೆಲ್ಲವೂ ಸಂಶಯಕ್ಕೆ ಆಸ್ಪದವೀಯುವ ಲಕ್ಷಣಗಳು. ಇಂಥ ಹುಸಿಕೂಗು ಬರಿಯ ವ್ಯಾಪಾರದ ಜಾಣತನವೆಂದು ಅನೇಕರು ಸುಮ್ಮನಾಗುತ್ತಾರೆ, ಅದೂ ತಪ್ಪು. ಹರಾಜಿನಲ್ಲಿ ತಾನೂ ಕೂಗುವ ಹಕ್ಕನ್ನು ಮಾರುವವನು ಮುಂಚಿತವಾಗಿ ಸ್ಪಷ್ಟವಾಗಿ ಕಾದಿರಿಸಿಕೊಳ್ಳದೆ ಕೂಗತಕ್ಕದ್ದಲ್ಲವೆಂದೂ, ಬೆಲೆಯೇರಿಸಲು ಹುಸಿಕೂಗನ್ನು ಬಳಸಿದರೆ ಕೊಂಡವನು ಆ ಮಾರಾಟವನ್ನು ರದ್ದುಪಡಿಸಬಹುದೆಂದೂ 1930ರ ಸರಕು ಮಾರಾಟ ಕಾಯಿದೆಯ 64ನೆಯ ಕಲಮು ಹೇಳುತ್ತದೆ. ಆದ್ದರಿಂದ ಪ್ರತಿಯೊಂದು ಕೂಗಿನ ಚಿತ್ರವನ್ನೂ ಮೊಬೈಲಿನಲ್ಲಿ ಉಳಿಸಿಕೊಳ್ಳುವುದು ಅವಶ್ಯಕ.

ಸೈನಿಕನು ಮೋಸ ಮಾಡಲಾರನೆಂಬುದು ಮತ್ತೊಂದು ನಂಬಿಕೆ. ವರ್ಗಾವಣೆಯಾಗಿದೆಯೆಂದು ಹೇಳಿ, ಸಮವಸ್ತ್ರದ ಭಾವಚಿತ್ರವನ್ನೂ ಗುರುತಿನ ಚೀಟಿಯನ್ನೂ ಕಳುಹಿಸಿ, ಮಾರುಕಟ್ಟೆಯ ಅರ್ಧ ಬೆಲೆಗೆ ಕಾರು ಕೊಡುವೆನೆನ್ನುವ ವಂಚಕರ ಬಗ್ಗೆ ಕರ್ನಾಟಕದ ಪೊಲೀಸರಿಗೆ ಎಷ್ಟೋ ದೂರುಗಳು ಬಂದಿವೆ. ಮೊದಲು ಸಾಗಣೆಯ ವೆಚ್ಚ, ಆಮೇಲೆ ಗೇಟ್ ಪಾಸು, ಬಳಿಕ ತೆರಿಗೆ. ಎಲ್ಲವೂ ಹಿಂತಿರುಗಿ ಬರುವ ಹಣವೆಂಬ ಭರವಸೆ ಬೇರೆ. ಆ ಚೀಟಿ ಅನೇಕ ವೇಳೆ ನಿಜವಾದ ಸೈನಿಕನದೇ. ಅವನಿಗೆ ತಿಳಿಯದಂತೆ ಕದ್ದದ್ದು. ದೇಶಕ್ಕಾಗಿ ದುಡಿಯುವವರ ಮೇಲಣ ಗೌರವವನ್ನೇ ಬಲೆಯಾಗಿ ಬೀಸುವುದು ನನಗೆ ಅತ್ಯಂತ ಹೇಯವಾಗಿ ತೋರುತ್ತದೆ.

ಆರ್‌ಸಿಯ ಫೋಟೋ ಇದ್ದರೆ ಸಾಕೆನ್ನುವವರು ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ವಾಹನದ ಸಂಖ್ಯೆಯನ್ನು ಹಾಕಿ ನೋಡಬೇಕು. ಕೆಎ 45 ಎಂದಿದ್ದರೆ ಹುಣಸೂರಿನ ಆರ್‌ಟಿಒ ಕಚೇರಿಯಲ್ಲಿಯೇ ವಿಚಾರಿಸಬಹುದು. ಚಾಸಿ ನಂಬರು ಆರ್‌ಸಿಗೆ ಹೊಂದುವುದೇ, ಸಾಲ ತೀರಿ ಬ್ಯಾಂಕಿನ ಎನ್‌ಒಸಿ ದೊರೆತಿದೆಯೇ ಎಂಬುದನ್ನು ಕಾರಿನ ಬಳಿ ನಿಂತೇ ತಿಳಿಯತಕ್ಕದ್ದು.

ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತಿದರೆ ಮುಂಗಡ ಹಿಂದಕ್ಕೆ ಬರುತ್ತದೆಂಬುದೂ ಸುಳ್ಳು. ಯುಪಿಐನಲ್ಲಿ ಹಣ ಪಡೆಯಲು ಪಿನ್ ಬೇಕಿಲ್ಲ. ಹಣ ಹೋದ ಮೇಲೆ ದೂರಿನಿಂದ ಪ್ರಯೋಜನವಿಲ್ಲವೆಂದು ಕೈಕಟ್ಟಿ ಕೂರುವುದೂ ಸರಿಯಲ್ಲ. ಸೈಬರ್ ವಂಚನೆಯ ಸಹಾಯವಾಣಿಯಾದ 1930ಕ್ಕೆ ಆ ಕ್ಷಣವೇ ಕರೆ ಮಾಡಿದರೆ, ವಂಚಕನು ತೆಗೆಯುವ ಮುನ್ನವೇ ಆ ಹಣವನ್ನು ಬ್ಯಾಂಕು ತಡೆಹಿಡಿಯುವ ಸಂಭವವುಂಟು.